ಅಮ್ಮಾ, ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳಿ

ನಮಸ್ಕಾರ. ತನ್ನ ಲಿಂಗತ್ವದ ಬಗ್ಗೆ ಪ್ರಶ್ನೆಗಳಿರುವ ಹದಿಹರೆಯದ ಮಗುವಿಗೆ ವೈದ್ಯರೊಡನೆ ಒಂಟಿಯಾಗಿ ಮಾತನಾಡುವ ಅವಕಾಶ ಸಿಗಬೇಕೆಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದಕ್ಕೆ ಪೆರ್ಲದ ಕಡೆಯ ಕೇಳುಗರೊಬ್ಬರು, "ಹೆತ್ತವರನ್ನು ಹೊರಗೆ ಕೂರಿಸಿ ಡಾಕ್ಟರಲ್ಲಿ ಗುಟ್ಟು ಹೇಳುವುದಾದರೆ ಹೆತ್ತವರು ಇರುವುದು ಯಾತಕ್ಕೆ?" ಎಂದು ಬರೆದಿದ್ದಾರೆ. ಆದ್ದರಿಂದ ಇವತ್ತು ಇದೊಂದೇ ವಿಷಯ.

ನಮ್ಮ ಕಾಸರಗೋಡಿನ ಆಸ್ಪತ್ರೆಗಳಲ್ಲಿ ನಡೆಯುವುದನ್ನು ಮೊದಲು ನೋಡೋಣ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುತ್ತಾ, ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಕನ್ನಡ ಮಾಧ್ಯಮದಲ್ಲಿ ಕಲಿತ ಮಗು, ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಮಲಯಾಳಿ ವೈದ್ಯರ ಎದುರು ಕುಳಿತಿರುತ್ತದೆ. ಮಲಯಾಳ ಚೆನ್ನಾಗಿ ಬಲ್ಲ ಸೋದರಮಾವನೋ ಪಕ್ಕದ ಮನೆಯವರೋ ಮಾತು ದಾಟಿಸಲು ಜೊತೆಗೆ ಬಂದಿರುತ್ತಾರೆ. ಜ್ವರಕ್ಕೆ, ಕೆಮ್ಮಿಗೆ ಇದು ದೊಡ್ಡ ಉಪಕಾರವೇ. ಆದರೆ "ಹುಡುಗನೆಂದು ಎಲ್ಲರೂ ಕರೆಯುವಾಗ ಅದು ನಾನಲ್ಲ ಅನಿಸುತ್ತದೆ" ಎಂಬ ಮಾತನ್ನು ಸೋದರಮಾವನ ಬಾಯಿಂದ ಮಲಯಾಳಕ್ಕೆ ಹೇಳಿಸುವ ಮಗು ಯಾವ ಊರಲ್ಲಿದೆ? ಅದು ಹೊಟ್ಟೆನೋವು ಎನ್ನುತ್ತದೆ, ನಿದ್ದೆ ಬರುವುದಿಲ್ಲ ಎನ್ನುತ್ತದೆ. ವೈದ್ಯರು ಗುಳಿಗೆ ಬರೆದುಕೊಡುತ್ತಾರೆ. ಮಗು ಮನೆಗೆ ಮರಳುತ್ತದೆ. ಆ ಪ್ರಶ್ನೆಗೆ ಬಾಯಿ ಬರಬೇಕಾದರೆ ಕೋಣೆಯಲ್ಲಿ ಮಗು ಮತ್ತು ವೈದ್ಯರು ಮಾತ್ರ ಇರಬೇಕು. ಭಾಷೆ ತೊಡಕಾದರೆ ಆಸ್ಪತ್ರೆಯಲ್ಲೇ ಕನ್ನಡ ಬಲ್ಲ ನರ್ಸ್ ಇರಲಿ, ಬಂಧುಗಳು ಬೇಡ.

ಇದು ನಾನು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಹದಿಹರೆಯದವರನ್ನು ಪರೀಕ್ಷಿಸುವಾಗ ಸ್ವಲ್ಪ ಹೊತ್ತು ಒಂಟಿಯಾಗಿ ಮಾತನಾಡಬೇಕೆಂದು ವೈದ್ಯರಿಗೆ ಪಾಠದಲ್ಲೇ ಕಲಿಸುತ್ತಾರೆ. 10ರಿಂದ 19 ವರ್ಷದವರಿಗಾಗಿ ಕೇಂದ್ರ ಸರಕಾರವು 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿಹರೆಯದವರ ಕ್ಲಿನಿಕ್‌ಗಳಿರುವುದು ಇಂಥ ಮಾತುಕತೆಗಾಗಿಯೂ ಹೌದು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ದೇಶದಲ್ಲೇ ಮೊದಲು, 2015ರಲ್ಲಿ, ನೀತಿ ಪ್ರಕಟಿಸಿದ ರಾಜ್ಯ ನಮ್ಮ ಕೇರಳ. ಅಂಥ ರಾಜ್ಯದ ಉತ್ತರದ ತುದಿಯ ಮಗುವಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದಿಷ್ಟು ಹೊತ್ತು ಕೊಡಲು ನಮಗೆ ಏನು ಅಡ್ಡಿ?

"ಒಳಗೆ ಬಿಟ್ಟರೆ ಡಾಕ್ಟರು ಹಾರ್ಮೋನು ಚುಚ್ಚಿಬಿಡುತ್ತಾರೆ" ಎಂದು ಇನ್ನೊಬ್ಬರು ಬರೆದಿದ್ದಾರೆ. ಇದು ಬರೀ ಭಯ. ಹದಿನೆಂಟು ತುಂಬದವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಅಂಥ ಚಿಕಿತ್ಸೆಯನ್ನು ಯಾರೂ ಆರಂಭಿಸುವಂತಿಲ್ಲ. ಬ್ರಿಟನ್ನಿನಲ್ಲಿ 2024ರಲ್ಲಿ ಎದ್ದ ದೊಡ್ಡ ಚರ್ಚೆಯು ಹದಿಹರೆಯದಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ತಡೆಹಿಡಿಯುವ ಔಷಧಗಳನ್ನು ಮಕ್ಕಳಿಗೆ ಕೊಡಲು ಸಾಕಷ್ಟು ಆಧಾರವಿದೆಯೇ ಎಂಬುದರ ಬಗ್ಗೆ. ಮಗುವಿನ ಮಾತನ್ನು ಕೇಳಬಾರದೆಂದು ಅಲ್ಲಿಯೂ ತೀರ್ಮಾನವಾಗಲಿಲ್ಲ. ನಾನು ಕೇಳುತ್ತಿರುವುದು ಔಷಧವನ್ನಲ್ಲ, ಕಿವಿಯನ್ನು!

"ಹಾಗಾದರೆ ಎರಡು ಬುದ್ಧಿಮಾತು ಹೇಳಿ ಸರಿಮಾಡಿ ಕಳುಹಿಸಲಿ" ಎನ್ನುವವರೂ ಇದ್ದಾರೆ. ಸರಿಮಾಡಲು ಇದು ಕಾಯಿಲೆಯಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈ ವಿಷಯ ಮಾನಸಿಕ ರೋಗಗಳ ಅಧ್ಯಾಯದಿಂದ ಹೊರಬಂದಿದೆ. ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ನಡೆದ ಪ್ರಕರಣದ ಬಳಿಕ, ಹೀಗೆ ಬದಲಾಯಿಸಹೊರಡುವ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲೇ ತಿಳಿಸಿತು. ಬುದ್ಧಿಮಾತು ಹೇಳುವ ಆತುರದವರು ಇದನ್ನು ಓದಿಕೊಂಡು ಬರಲಿ.

ಪೆರ್ಲದ ಕೇಳುಗರೇ, ಹೆತ್ತವರು ಯಾತಕ್ಕೆ ಎಂದು ಕೇಳಿದಿರಿ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೆ, ಹೊರಗಿನ ಬೆಂಚಿನಲ್ಲಿ ಕಾಯುವುದಕ್ಕೆ, ಒಳಗೆ ಏನು ಹೇಳಿದೆಯೆಂದು ದಾರಿಯುದ್ದಕ್ಕೂ ಕೆದಕದೆ ಮನೆಗೆ ಕರೆತರುವುದಕ್ಕೆ. ಇದು ಸಣ್ಣ ಕೆಲಸವೇ? ಮಗು ಒಂಟಿಯಾಗಿ ಮಾತನಾಡಲಿ ಎಂದರೆ ಮನೆ ಮುರಿಯಿತು ಎನ್ನುತ್ತೀರಿ. ಮಾತನಾಡದೆ ಒಳಗೊಳಗೇ ಕೊರಗುವ ಮಗುವಿರುವ ಮನೆಯನ್ನು ಯಾವ ಧೈರ್ಯದಿಂದ ಗಟ್ಟಿಮುಟ್ಟಾದ ಮನೆ ಎನ್ನುತ್ತೀರಿ? ಒಂಟಿಯಾಗಿ ಮಾತನಾಡಲಿ ಎಂದು ಮತ್ತೆ ಹೇಳುತ್ತೇನೆ. ಮುಂದಿನ ವಾರವೂ ಹೇಳುತ್ತೇನೆ, ನೀವು ಎಷ್ಟು ಸಲ ಬರೆದರೂ ಹೇಳುತ್ತೇನೆ.

ಈ ಚಾನೆಲಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ, ಈ ಸಂಚಿಕೆಯನ್ನು ನಿಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೂ ಕಳುಹಿಸಿ. ಕೇಳುತ್ತಿರುವ ಮಕ್ಕಳೇ, ಆಸ್ಪತ್ರೆಗೆ ಹೋಗಲು ಧೈರ್ಯ ಸಾಲದಿದ್ದರೆ ಕೇರಳ ಸರಕಾರದ ದಿಶಾ ಸಹಾಯವಾಣಿ 1056 ಇದೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಇದೆ. ಮತ್ತು ಗಡಿನಾಡಿನ ವೈದ್ಯರೇ, ಮಗು ಒಳಗೆ ಬಂದು ತಲೆತಗ್ಗಿಸಿ ಕುಳಿತರೆ, "ಅಮ್ಮಾ, ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳಿ" ಎಂದು ನೀವೇ ಹೇಳಿ. ಮಗು ಅದನ್ನು ತಾನಾಗಿ ಹೇಳಲಾರದು.