ನಾನೇ ಜಾಸ್ತಿ ಕೂಗಿಬಿಟ್ಟೆ

ನಮಸ್ಕಾರ. ಬೆಳಗಿನ ಜಾವ ಮೂರೂವರೆಗೆ ಎದ್ದು, ಹೆಂಡತಿಗೆ ಎಚ್ಚರ ಆಗಬಾರದು ಅಂತ ಅಡುಗೆಮನೆಯ ದೀಪವನ್ನೂ ಹಾಕದೆ ಕಾಫಿ ಬೆರೆಸಿಕೊಂಡು, ಒಂದು ಕಾಡು ಟರ್ಕಿ ಹುಂಜಕ್ಕೆ ಮೋಸ ಮಾಡೋಕೆ ಕಾಡಿಗೆ ಹೊರಟವನ ಕತೆ ಇದು. ಒಂದು ದಿನ ಅಲ್ಲ, ಮೂರು ವಾರ. ಮೋಸ ಹೋದದ್ದು ಬಹುಪಾಲು ನಾನೇ.

ನನ್ನ ಊರು ಕೊಪ್ಪದ ಕಡೆ. ಈಗ ಇರೋದು ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಓಝಾರ್ಕ್ ಗುಡ್ಡಗಳ ಅಂಚಿನಲ್ಲಿ. ಅಜ್ಜನ ಮನೆಯಲ್ಲಿ ಕೋವಿ ಇತ್ತು, ಅಡಿಕೆ ತೋಟಕ್ಕೆ ಬರೋ ಮಂಗಗಳನ್ನ ಹೆದರಿಸೋಕೆ. ಮರಸು ಕೂತ, ಅಂದರೆ ಪ್ರಾಣಿಗಾಗಿ ಅಡಗಿ ಕೂತು ಕಾದ ಕತೆ, ಈಡು ತಪ್ಪಿದ ಕತೆ ಎಲ್ಲ ಕೇಳಿ ಬೆಳೆದವನು ನಾನು. ಆದರೆ ಹುಟ್ಟುವಷ್ಟರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಾಗಿತ್ತು, ಹಾಗಾಗಿ ಕತೆ ಮಾತ್ರ ನನ್ನ ಪಾಲಿಗೆ. ಇಲ್ಲಿ ಟರ್ಕಿ ಕೋಳಿ ಬೇಟೆ ಕಾನೂನಿನ ಪ್ರಕಾರವೇ ನಡೆಯುತ್ತೆ. ಲೈಸೆನ್ಸ್ ಬೇಕು. 1967ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆಯ ಪಾಠ ಕಲಿತು ಪರೀಕ್ಷೆ ಪಾಸಾಗಬೇಕು. ನಾನೂ ಪಾಸಾದೆ. ಪಕ್ಕದಲ್ಲಿ ಒಬ್ಬ 12 ವರ್ಷದ ಹುಡುಗ ಕೂತಿದ್ದ, ಅವನಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂತು. ಇರಲಿ.

ನನಗೆ ಇದನ್ನ ಹಚ್ಚಿಸಿದ್ದು ಪಕ್ಕದ ಜಮೀನಿನ ಯಜಮಾನರು. ಎಪ್ಪತ್ತು ದಾಟಿದೆ, ಮಂಡಿ ನೋವು, ಮಾತು ಕಡಿಮೆ. ಅವರ ಚಿಕ್ಕಂದಿನಲ್ಲಿ ಈ ಕಡೆ ಟರ್ಕಿಗಳೇ ಕಾಣ್ತಿರಲಿಲ್ಲವಂತೆ. ಅದು ನಿಜ ಕೂಡ. ಕಾಡು ಕಡಿದು, ವರ್ಷವಿಡೀ ಹೊಡೆದು, 1950ರ ಹೊತ್ತಿಗೆ ಇಡೀ ರಾಜ್ಯದಲ್ಲಿ ಎರಡು ಮೂರು ಸಾವಿರ ಉಳಿದಿದ್ದರೆ ಹೆಚ್ಚು. ಮೊದಲು ಸಾಕಿದ ಕೋಳಿಗಳನ್ನ ಕಾಡಿಗೆ ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಅಮ್ಮನ ಹಿಂದೆ ಓಡಾಡದ ಕೋಳಿಗೆ ನರಿ ಅಂದರೇನು, ಗಿಡುಗ ಅಂದರೇನು ಗೊತ್ತಿರಬೇಕಲ್ಲ. ಆಮೇಲೆ ಉಳಿದಿದ್ದ ಕಾಡಿನ ಹಕ್ಕಿಗಳನ್ನೇ ಕಾಳು ಚೆಲ್ಲಿ ಒಂದೆಡೆ ಸೇರಿಸಿ, ಅವುಗಳ ಮೇಲೆ ಫಿರಂಗಿಯಿಂದ ಬಲೆ ಹಾರಿಸಿ ಹಿಡಿದು, ಪೆಟ್ಟಿಗೆಯಲ್ಲಿ ಹೊತ್ತು ಬೇರೆ ಬೇರೆ ಕಾಡುಗಳಿಗೆ ಬಿಟ್ಟರು. ಅದು ಹತ್ತಿತು. 1960ರಲ್ಲಿ ಮಿಸೌರಿಯಲ್ಲಿ ಮತ್ತೆ ವಸಂತದ ಬೇಟೆ ಶುರು ಮಾಡಿದಾಗ 3 ದಿನ, 14 ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮಾತ್ರ. ಸಿಕ್ಕಿದ್ದು 94 ಹಕ್ಕಿ. ಈಗ ಒಂದೊಂದು ವಸಂತದಲ್ಲಿ ಸಾವಿರಾರು. ಕೋವಿ ತೋಟಾ ಕೊಳ್ಳುವಾಗ ಕೊಡುವ ತೆರಿಗೆಯ ಹಣವೂ ಇಂಥ ವನ್ಯಜೀವಿ ಕೆಲಸಕ್ಕೇ ಹೋಗುತ್ತೆ, 1937ರಿಂದ ಆ ಕಾನೂನು ಇದೆ.

ಈ ಹಕ್ಕಿಯ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಇಂಗ್ಲಿಷಿನವರು ಟರ್ಕಿ ಅಂದರು. ಟರ್ಕಿ ದೇಶದವರು ಅದನ್ನ ಹಿಂದಿ ಅಂತಾರೆ, ಅಂದರೆ ಇಂಡಿಯಾದ್ದು ಅಂತ. ಡಚ್ಚರ ಬಾಯಲ್ಲಿ ಅದು ಕಲ್ಕೂನ್, ಅಂದರೆ ಕಲ್ಲಿಕೋಟೆಯ ಕೋಳಿ! ನಮ್ಮ ಕರಾವಳಿಯ ಪಕ್ಕದ್ದು. ನಿಜವಾಗಿ ಇಂಡಿಯಾಕ್ಕೆ ಬಂದ ಕತೆ ಬೇರೆ. 1612ರಲ್ಲಿ ಜಹಾಂಗೀರನಿಗೆ ಗೋವಾದಿಂದ ಒಂದನ್ನ ತಂದುಕೊಟ್ಟರು. ಅವನು ಬೆರಗಾಗಿ, ಅದರ ತಲೆ ಕತ್ತಿನ ಬಣ್ಣ ಗಳಿಗೆಗೊಂದು ಥರ ಬದಲಾಗುತ್ತೆ ಅಂತ ಬರೆಸಿಟ್ಟು, ಉಸ್ತಾದ್ ಮನ್ಸೂರನ ಕೈಲಿ ಚಿತ್ರ ಬರೆಸಿದ. ಆ ಬಣ್ಣದ ಆಟವನ್ನ ನಾನೂ ಕಣ್ಣಾರೆ ಕಂಡೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಇಲ್ಲಿ ಏಪ್ರಿಲ್ ತಿಂಗಳ ಮೂರನೇ ಸೋಮವಾರ ಸೀಸನ್ ಶುರು. ಮೂರು ವಾರ. ಒಬ್ಬರಿಗೆ ಎರಡು ಹಕ್ಕಿ, ಮೊದಲ ವಾರದಲ್ಲಿ ಒಂದೇ. ಹುಂಜ ಮಾತ್ರ, ಇಲ್ಲವೇ ಎದೆಯಲ್ಲಿ ಗಡ್ಡ ಇರೋ ಹಕ್ಕಿ. ಹೌದು, ಗಡ್ಡವೇ. ಎದೆಯ ನಡುವಿನಿಂದ ಕುದುರೆ ಬಾಲದ ಕೂದಲಿನ ಹಾಗೆ ಒರಟಾಗಿ ಇಳಿಬಿದ್ದಿರುತ್ತೆ. ಅಪರೂಪಕ್ಕೆ ಕೆಲವು ಹೇಟೆಗಳಿಗೂ, ಅಂದರೆ ಹೆಣ್ಣು ಕೋಳಿಗಳಿಗೂ ಇರುತ್ತೆ. ಕಾಳು ಚೆಲ್ಲಿ ಕರೆಯೋ ಹಾಗಿಲ್ಲ, ಧ್ವನಿಮುದ್ರಿಕೆ ಹಾಕೋ ಹಾಗಿಲ್ಲ. ಕೈಯಿಂದಲೋ ಬಾಯಿಂದಲೋ ನೀನೇ ಹೇಟೆಯ ಹಾಗೆ ಕೂಗಬೇಕು.

ಕೂಗೋ ಸಾಮಾನುಗಳ ಪೈಕಿ ನನಗೆ ಮೊದಲು ಸಿಕ್ಕಿದ್ದು ಮರದ ಪೆಟ್ಟಿಗೆ. ಪೆನ್ಸಿಲ್ ಡಬ್ಬಿಯಷ್ಟು ಉದ್ದ, ಮೇಲೊಂದು ಹಿಡಿಕೆ ಇರೋ ಮುಚ್ಚಳ. ಮುಚ್ಚಳದ ಅಡಿಗೆ ಸೀಮೆಸುಣ್ಣ ಬಳಿದು ಪೆಟ್ಟಿಗೆಯ ಅಂಚಿನ ಮೇಲೆ ಎಳೆದರೆ ಕ್ಯಾಂವ್ ಕ್ಯಾಂವ್ ಅಂತ ಥೇಟ್ ಹೇಟೆಯ ದನಿ. ಅರ್ಕಾನ್ಸಾದ ಗಿಬ್ಸನ್ ಅನ್ನೋರು 1897ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿದ್ದರು. ಇದು ಬಲು ಸುಲಭ, ಮಗು ಕೂಡ ಬಾರಿಸಬಹುದು, ಅದೇ ಇದರ ಅಪಾಯ. ಇನ್ನೊಂದು ಸ್ಲೇಟು. ದುಂಡನೆಯ ಬಟ್ಟಲಿನಲ್ಲಿ ಕೂರಿಸಿದ ಕಲ್ಲು, ಅದರ ಮೇಲೆ ಮರದ ಕಡ್ಡಿಯಲ್ಲಿ ಚಿಕ್ಕ ಚಿಕ್ಕ ಸುತ್ತು ಹಾಕಬೇಕು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಬಳಪ ಕಿರ್ರೆಂದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರಲ್ಲ, ಇಲ್ಲಿ ಅದೇ ಸದ್ದಿಗೆ ದುಡ್ಡು ಕೊಡಬೇಕು. ಮೂರನೆಯದು ಕುದುರೆ ಲಾಳದ ಆಕಾರದ ಪುಟ್ಟ ಚೌಕಟ್ಟಿಗೆ ಬಿಗಿದ ರಬ್ಬರ್ ಪೊರೆ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಊದಬೇಕು. ಎರಡೂ ಕೈ ಖಾಲಿ ಇರುತ್ತೆ, ಅದಕ್ಕೇ ಪಳಗಿದವರಿಗೆ ಇದೇ ಇಷ್ಟ. ನನಗೆ ವಾಂತಿ ಬಂತು.

ಈಗ ಮುಖ್ಯ ವಿಷಯ. ಟರ್ಕಿಗಳ ಲೋಕದಲ್ಲಿ ಹುಂಜ ಹೇಟೆಯ ಹತ್ತಿರ ಹೋಗಲ್ಲ. ಹುಂಜ ಮರದ ಮೇಲಿಂದ ಗೊಳಗೊಳಗೊಳ ಅಂತ ಕೂಗುತ್ತೆ, ಹೇಟೆಗಳೇ ಅದರ ಹತ್ತಿರ ನಡೆದುಕೊಂಡು ಹೋಗುತ್ತವೆ. ನಾವು ಮಾಡೋದು ಇದರ ಉಲ್ಟಾ. ಹೇಟೆಯ ಹಾಗೆ ಕೂಗಿ, ನೀನೇ ಬಾ ಅಂತೀವಿ. ಅದಕ್ಕೆ ಆಶ್ಚರ್ಯ. ಇದು ಯಾವ ಸೀಮೆಯ ಹೇಟೆ, ನಾನು ಇಷ್ಟು ಕೂಗಿದರೂ ಬರದೆ ಕೂತಲ್ಲೇ ಕೂತಿದೆಯಲ್ಲ ಅಂತ ನಿಂತುಬಿಡುತ್ತೆ. ನನಗೆ ಇದೆಲ್ಲ ತಲೆಗೆ ಹೋಗಿದ್ದು ಮೂರನೇ ವಾರ.

ಮೊದಲ ದಿನ ನಾನೊಬ್ಬನೇ ಹೋದೆ. ಬೆಟ್ಟದ ಏಣಿನ ಮೇಲೆ ದಪ್ಪ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಚಳಿ. ಕತ್ತಲು ಸ್ವಲ್ಪ ತೆಳುವಾದಾಗ ದೂರದಲ್ಲಿ ಗೂಬೆ ಎಂಟು ಸಲ ಹೂ ಹೂ ಅಂತು, ಅದು ಮುಗಿಯೋದರೊಳಗೆ ನೂರು ಗಜ ದೂರದ ಮರದಿಂದ ಹುಂಜ ಸಿಡಿಮಿಡಿಗೊಂಡು ಉತ್ತರ ಕೊಟ್ಟಿತು. ಎದೆ ಧಸಕ್ ಅಂತು. ಯಜಮಾನರು ಹೇಳಿಕಳಿಸಿದ್ದು ಇಷ್ಟೇ: ಮೂರು ಸಲ ಕೂಗು, ಪೆಟ್ಟಿಗೆ ಜೇಬಿಗೆ ಹಾಕು. ನಾನು ಮೂರು ಸಲ ಕೂಗಿದೆ. ಅದು ಓಗೊಟ್ಟಿತು. ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಕಾಡುಪ್ರಾಣಿ ನನ್ನ ಮಾತಿಗೆ ಉತ್ತರ ಕೊಡ್ತಾ ಇದೆ ಅಂದರೆ ಸುಮ್ನೆ ಇರೋದು ಹೇಗೆ ಹೇಳಿ. ಮತ್ತೆ ಕೂಗಿದೆ. ಅದೂ ಕೂಗಿತು. ಮರದಿಂದ ಇಳಿದ ಮೇಲೂ ನಲವತ್ತು ನಿಮಿಷ ನಮ್ಮಿಬ್ಬರ ಮಾತುಕತೆ ನಡೀತು, ಅದು ಒಂದು ಹೆಜ್ಜೆ ಈಚೆಗೆ ಬರಲಿಲ್ಲ. ಆಮೇಲೆ ನನ್ನ ಬಲಗಡೆಯಿಂದ ನಿಜವಾದ ಹೇಟೆಯೊಂದು, ನನ್ನ ಕಡೆ ತಿರುಗಿಯೂ ನೋಡದೆ, ಎಲೆ ಕೆದಕುತ್ತಾ ಸೀದಾ ಅದರ ಹತ್ತಿರ ಹೋಯಿತು. ಸದ್ದು ನಿಂತುಹೋಯಿತು. ಅಷ್ಟೇ.

ಮನೆಗೆ ಬಂದು ಹೇಳಿದರೆ ಯಜಮಾನರು ನಗಲಿಲ್ಲ. "ನೀನು ಎಲ್ಲಿದ್ದೀಯ, ಎಷ್ಟು ಕಾತರ ಇದೆ ಅಂತ ಎಲ್ಲಾ ಹೇಳಿಬಿಟ್ಟೆ. ಇನ್ನು ಅದು ಹುಡುಕಿಕೊಂಡು ಬರೋದಾದರೂ ಯಾಕೆ?" ಅಂದರು.

ಎರಡನೇ ವಾರ ಕೂಗೋದನ್ನ ಬಿಟ್ಟು ಗೊಂಬೆಗಳನ್ನ ನಂಬಿದೆ. ಹಳಗನ್ನಡದಲ್ಲಿ ದೀವ ಅಂತ ಒಂದು ಪದ ಇದೆ ನೋಡಿ, ಸಾಕಿದ ಜಿಂಕೆಯನ್ನ ಮುಂದೆ ಬಿಟ್ಟು ಕಾಡು ಜಿಂಕೆಯನ್ನ ಸೆಳೆಯೋದು. ಹಾಗೆಯೇ ಇದು. ಆದರೆ ಇಲ್ಲಿ ಜೀವ ಇರೋ ಹಕ್ಕಿಯನ್ನ ಕಟ್ಟೋ ಹಾಗಿಲ್ಲ, ಬಣ್ಣ ಬಳಿದ ಸ್ಪಂಜಿನ ಗೊಂಬೆ. ಒಂದು ಹೇಟೆ, ಒಂದು ಜೇಕ್. ಜೇಕ್ ಅಂದರೆ ಒಂದು ವರ್ಷದ ಪಡ್ಡೆ ಹುಂಜ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಜೇಕಿನ ಮುಖವನ್ನ ನಮ್ಮ ಕಡೆ ತಿರುಗಿಸಬೇಕು. ಯಾಕೆಂದರೆ ದೊಡ್ಡ ಹುಂಜ ಬಂದರೆ ಆ ಪಡ್ಡೆಯ ಮುಖಕ್ಕೆ ಮುಖ ಕೊಟ್ಟು ಜಗಳಕ್ಕೆ ನಿಲ್ಲುತ್ತೆ, ಆಗ ಅದರ ಬೆನ್ನು ನಮ್ಮ ಕಡೆ ಇರುತ್ತೆ. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ಅಲ್ವಾ. ನಾನೂ ಹಾಗೇ ನಿಲ್ಲಿಸಿದೆ. ಗಾಳಿ ಬೀಸಿತು. ಗೂಟದ ಮೇಲಿದ್ದ ಜೇಕ್ ಬುಗುರಿಯ ಹಾಗೆ ಗಿರಗಿರ ತಿರುಗೋಕೆ ಶುರು ಮಾಡಿತು. ಹೊಲದಂಚಿಗೆ ಬಂದಿದ್ದ ಎರಡು ಹುಂಜಗಳು ಕತ್ತು ನೀಳ ಮಾಡಿ ಒಂದು ಗಳಿಗೆ ನೋಡಿ, ಓಡಿದವು. ಬಾಲದ ಎರಡು ಪಕ್ಕ ಒಂದೊಂದು ಕಡ್ಡಿ ನೆಟ್ಟರೆ ತಿರುಗಲ್ಲ ಅಂತ ಆಮೇಲೆ ಗೊತ್ತಾಯ್ತು. ಆ ವಾರ ಮೈಗೆ ಹತ್ತಿದ್ದು ಉಣ್ಣಿ ಮಾತ್ರ.

ಗೊಂಬೆ ಅಂದಾಗ ಇನ್ನೊಂದು ಹೇಳಲೇಬೇಕು. ಅದನ್ನ ಕಾಡಿನಲ್ಲಿ ಹಾಗೇ ಕಂಕುಳಲ್ಲಿ ಹಿಡಿದು ನಡೆಯಬಾರದು, ಚೀಲದೊಳಗೆ ಹಾಕಬೇಕು. ಕೆಂಪು, ಬಿಳಿ, ನೀಲಿ ಬಟ್ಟೆ ಮೈಮೇಲೆ ಎಲ್ಲೂ ಕಾಣಬಾರದು, ಕಾಲುಚೀಲ ಕೂಡ, ಯಾಕೆಂದರೆ ಹುಂಜದ ತಲೆಯ ಬಣ್ಣ ಇವೇ ಮೂರು. ಬೆನ್ನಿಗೆ ಭುಜಕ್ಕಿಂತ ಅಗಲದ ಮರ ಇರಬೇಕು. ಬೇರೆ ಬೇಟೆಗಾರ ಬರ್ತಾ ಇರೋದು ಕಂಡರೆ ಕೈ ಬೀಸಬಾರದು, ಹೇಟೆಯ ಹಾಗೆ ಕೂಗಲೂಬಾರದು, ಗಟ್ಟಿಯಾಗಿ ಮನುಷ್ಯನ ದನಿಯಲ್ಲಿ ಮಾತಾಡಬೇಕು. ನಮ್ಮ ಕಡೆಯೂ ಹಂದಿ ಅಂದುಕೊಂಡು ಜೊತೆಯವನಿಗೇ ಈಡು ಹಾರಿಸಿದ ಸುದ್ದಿ ಪೇಪರಿನಲ್ಲಿ ಬರ್ತಾನೇ ಇರುತ್ತಲ್ಲ. ಇದು ಎಲ್ಲಾ ಊರಿನ ಕಾಡಿಗೂ ಒಂದೇ.

ಮೂರನೇ ವಾರ ಡಾಗ್‌ವುಡ್ ಮರದ ಬಿಳಿ ಹೂ ಉದುರೋಕೆ ಶುರುವಾಗಿತ್ತು. ಯಜಮಾನರು ತಾವೇ ಬರ್ತೀನಿ ಅಂದರು, ಅದೂ ಬೆಳಿಗ್ಗೆ ಒಂಬತ್ತೂವರೆಗೆ. ಇಷ್ಟು ತಡವಾಗಿ ಯಾಕೆ ಅಂದೆ. ಅಷ್ಟು ಹೊತ್ತಿಗೆ ಹೇಟೆಗಳು ಗೂಡಿಗೆ ಹೋಗಿರ್ತವೆ. ಹತ್ತು ಹನ್ನೆರಡು ಮೊಟ್ಟೆ, 28 ದಿನದ ಕಾವು, ಕಾವಿಗೆ ಕೂತ ಹೇಟೆಗೆ ಹುಂಜದ ಗೊಡವೆ ಇಲ್ಲ. ಈ ಕಾರಣಕ್ಕೇ ವಸಂತದಲ್ಲಿ ಕೆಲವು ಹುಂಜ ಹೊಡೆದರೂ ಸಂತಾನಕ್ಕೆ ಪೆಟ್ಟು ಬೀಳಲ್ಲ ಅಂತ ಲೆಕ್ಕ ಹಾಕಿ ಸೀಸನ್ ಇಟ್ಟಿರೋದು. ಮುಂಜಾನೆ ಐದು ಹೇಟೆಗಳ ನಡುವೆ ಮೆರೆಯುತ್ತಿದ್ದ ಹುಂಜ ಹತ್ತು ಗಂಟೆಗೆ ಒಂಟಿ.

ಅದೇ ಏಣು, ಅದೇ ಓಕ್ ಮರ, ಎದುರಿಗೆ ಅದೇ ಸ್ಪಂಜಿನ ಜೇಕ್. ನಾನು ಹನ್ನೆರಡು ಬೋರಿನ ಕೋವಿಯನ್ನ ಮಂಡಿಯ ಮೇಲಿಟ್ಟು ಕೂತೆ, ಅವರು ನನ್ನ ಎಡಕ್ಕೆ. ಜೇಬಿನಿಂದ ಸ್ಲೇಟು ತೆಗೆದು ಕಡ್ಡಿಯಿಂದ ಎರಡೇ ಎರಡು ಸಲ ಟಕ್, ಟಕ್ ಅನ್ನಿಸಿದರು. ಆಮೇಲೆ ಕಡ್ಡಿಯನ್ನ ಸುಮ್ನೆ ಹಾಗೇ ಜಾರಿಸಿದರು, ಬೆಕ್ಕು ಗುರುಗುಟ್ಟಿದಂಥ ಸಣ್ಣ ಸದ್ದು, ಹೊಟ್ಟೆ ತುಂಬಿದ ಹೇಟೆ ತನ್ನಷ್ಟಕ್ಕೆ ಮಾಡೋದು. ಸ್ಲೇಟು ಕೆಳಗಿಟ್ಟು ಕೈಯಿಂದ ಒಣಗಿದ ಎಲೆ ಕೆದಕಿದರು. ಸರ್ ಸರ್. ನಿಲ್ಲಿಸಿದರು. ಸರ್. ಅಷ್ಟೇ, ಮುಗೀತು. ಕಣಿವೆಯಿಂದ ಹುಂಜ ಒಂದು ಸಲ ಕೂಗಿತು. ನಾನು ಅವರ ಮುಖ ನೋಡಿದೆ. ಅವರು ನನ್ನ ಮಂಡಿಯ ಮೇಲೆ ಒಂದು ಬೆರಳಿಟ್ಟರು. ಹುಂಜ ಮತ್ತೆ ಕೂಗಿತು, ಅವರು ಅಲ್ಲಾಡಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕಾಲು ಜೋಮು ಹಿಡಿದು ಮರದ ಕೊರಡಾಗಿತ್ತು. ಕಿವಿಯ ಮೇಲೆ ಸೊಳ್ಳೆ. ಇಪ್ಪತ್ತು ನಿಮಿಷ ಆದಾಗ ಹೋಯಿತು ಅಂದುಕೊಂಡೆ. ಆಗ ಕೇಳಿಸಿತು. ಕೇಳಿಸಿತು ಅನ್ನೋದಕ್ಕಿಂತ ಪಕ್ಕೆಲುಬಿಗೆ ತಾಗಿತು. ಫ್ಟ್... ವೂಂಂ. ದೂರದ ರಸ್ತೆಯಲ್ಲಿ ಲಾರಿ ಗೇರು ಬದಲಿಸಿದ ಹಾಗೆ. ರೆಕ್ಕೆ ಇಳಿಬಿಟ್ಟು ಎದೆಯುಬ್ಬಿಸಿದ ಹುಂಜ ಮಾತ್ರ ಮಾಡೋ ಸದ್ದು ಅದು, ಅಂದರೆ ತೀರಾ ಹತ್ತಿರ ಬಂದಿದೆ ಅಂತ.

ಪೊದೆಯ ಹಿಂದಿನಿಂದ ಬಂತು. ಕಂಚಿನ ಪಾತ್ರೆಗೆ ಬಿಸಿಲು ಬಿದ್ದ ಹಾಗೆ ಗರಿ, ಬೀಸಣಿಗೆಯ ಹಾಗೆ ಬಿಚ್ಚಿದ ಬಾಲ. ಕೊಕ್ಕಿನ ಮೇಲಿಂದ ಜೋತುಬಿದ್ದ ತೊಗಲು, ನೆತ್ತಿ ಹತ್ತಿ ಇಟ್ಟಷ್ಟು ಬಿಳಿ, ಕೆನ್ನೆ ನೀಲಿ. ಸ್ಪಂಜಿನ ಜೇಕನ್ನ ಕಂಡಿತು. ನಾನು ನೋಡ್ತಾ ಇದ್ದ ಹಾಗೇ ಆ ಬಿಳಿ ಎಲ್ಲ ಬತ್ತಿ ಕತ್ತು ಕೆಂಡದ ಬಣ್ಣಕ್ಕೆ ತಿರುಗಿತು. ಬಾದಶಹ ಸುಳ್ಳು ಬರೆಸಿರಲಿಲ್ಲ. ಒಂದು ಸುತ್ತು ಹಾಕಿ, ಎಗರಿ ಕಾಲಿನ ಮುಳ್ಳಿನಿಂದ ಜೇಕಿಗೆ ಒದ್ದಿತು, ಗೊಂಬೆ ಗೂಟದ ಸಮೇತ ಮಗುಚಿಬಿತ್ತು. ಗೆದ್ದೆ ಅಂತ ಹುಂಜ ತಲೆ ಎತ್ತಿತು. ಮಂಡಿಯ ಮೇಲಿದ್ದ ಯಜಮಾನರ ಬೆರಳು ಸರಿಯಿತು. ಈಡು ಹಾರಿಸಿದೆ.

21 ಪೌಂಡು ತೂಗಿತು, ಒಂಬತ್ತೂವರೆ ಕಿಲೋ. ಹತ್ತಿರ ಹೋಗಿ ನೋಡೋ ಹೊತ್ತಿಗೆ ತಲೆಯ ಬಣ್ಣ ಮಾಸಿತ್ತು. ಯಜಮಾನರು ಟೋಪಿ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತರು, ನಾನೂ ನಿಂತೆ. ರಾತ್ರಿ 10ರ ಒಳಗೆ ಇಲಾಖೆಗೆ ವರದಿ ಮಾಡಬೇಕು, ಮಾಡಿದೆ. ಎದೆಯ ಮಾಂಸಕ್ಕೆ ಕರಿಮೆಣಸು ಹಾಕಿ ಹುರಿದಿದ್ದು ಚೆನ್ನಾಗಿ ಬಂತು. ಕಾಲು ಮಾತ್ರ ಓಡಾಡಿದ ಕಾಲು ನೋಡಿ, ಕುಕ್ಕರಿನಲ್ಲಿ ಹನ್ನೆರಡು ಸೀಟಿ ಕೂಗಿಸಿದರೂ ಹಲ್ಲಿಗೆ ಸಿಗಲಿಲ್ಲ, ಹೆಂಡತಿ ಮತ್ತೆ ಹತ್ತು ಕೂಗಿಸಿ ಸಾರು ಮಾಡಿದಳು. ಒಂದು ಪಾತ್ರೆ ಯಜಮಾನರ ಮನೆಗೂ ಹೋಯಿತು. ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಪಾತ್ರೆ ಖಾಲಿಯಾಗಿ ವಾಪಸ್ ಬಂತು.

ಪಾತ್ರೆಯೊಳಗೆ ಒಂದು ಚೀಟಿ ಇತ್ತು, ರೆಕ್ಕೆಯ ಮೂಳೆ ಬಿಸಾಡಬೇಡ ಅಂತ. ಹಿಂದೆ ಇಲ್ಲಿನ ಮೂಲನಿವಾಸಿಗಳು ಟರ್ಕಿಯ ರೆಕ್ಕೆಯ ಮೂರು ಮೂಳೆಗಳನ್ನ ಒಂದರೊಳಗೆ ಒಂದು ಸೇರಿಸಿ ಕೊಳವೆ ಮಾಡಿ, ತುಟಿಗಿಟ್ಟು ಗಾಳಿ ಒಳಗೆಳೆದು ಹೇಟೆಯ ದನಿ ಹೊರಡಿಸುತ್ತಿದ್ದರು. ನಾನೂ ಬೇಯಿಸಿ, ಉಜ್ಜಿ, ಅಂಟು ಹಾಕಿ ಒಂದು ಮಾಡಿಕೊಂಡಿದ್ದೀನಿ. ಎರಡು ತಿಂಗಳಿಂದ ಹಿತ್ತಲಲ್ಲಿ ಕೂತು ಎಳೀತಾ ಇದ್ದೀನಿ. ಸದ್ಯಕ್ಕೆ ಇದಕ್ಕೆ ಓಗೊಡ್ತಾ ಇರೋದು ಎದುರು ಮನೆಯ ನಾಯಿ ಒಂದೇ. ನಮಸ್ಕಾರ.