ಸಹಿ ಮೊದಲು, ಮಾತು ಆಮೇಲೆ

ಕೇಳುಗರಿಗೆಲ್ಲ ಶರಣು ಶರಣಾರ್ಥಿ.

ಚಿತ್ತಾಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಮಾಸ್ತರ ಆಗಿದ್ದಾಗಿನ ಮಾತು. ದಸರಾ ರಜೆ ಮುಗಿದಿತ್ತು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಮಾರ್ಕ್ಸ್ ಕಾರ್ಡ್ ವಾಪಸ್ ತಂದುಕೊಟ್ಟ. ಅಪ್ಪನ ಸಹಿ ಇತ್ತು. ಗುಂಡಗಿನ ಅಕ್ಷರ, ಕೆಳಗೊಂದು ಗೆರೆ ಬೇರೆ. ನನಗೆ ನಗು ಬಂತು. ಯಾಕಂದ್ರೆ ಆ ಅಪ್ಪ ಶಾಲೆಗೆ ಬಂದಾಗಲೆಲ್ಲ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಸಹಿ ಹಾಕಿದ್ದು ಹುಡುಗನ ಅಕ್ಕ.

"ಯಾಕಪ್ಪಾ ಹಿಂಗ ಮಾಡ್ದಿ?" ಅಂತ ಕೇಳಿದೆ. "ಗಣಿತದಾಗ 18 ಬಂದಾವ್ರಿ ಸರ್. ತೋರ್ಸಿದ್ರ ಅಪ್ಪ ಸಾಲಿ ಬಿಡಿಸ್ತಾನ್ರಿ" ಅಂದ.

ಆವತ್ತಿನಿಂದ ಪಾಲಕರಿಗೆ ಒಂದೇ ಮಾತು ಹೇಳುತ್ತಾ ಬಂದೆ. ಕಾರ್ಡು ಕೈಗೆ ಬಂದ ಕೂಡಲೇ ಸಹಿ ಹಾಕಿಬಿಡಿ, ಇಲ್ಲ ಹೆಬ್ಬೆಟ್ಟು ಒತ್ತಿ. ಬೈಯುವುದಿದ್ದರೂ ಆಮೇಲೆ ಬೈಯಿರಿ. ಸಹಿ ಅಂದ್ರೆ 'ನೋಡಿದೀನಿ' ಅಂತ, ಅಷ್ಟೇ. ಎರಡು ದಿನ ಸತಾಯಿಸಿ ಸಹಿ ಹಾಕಿದರೆ ಮುಂದಿನ ಸಲ ಕಾರ್ಡು ಮನೆಗೇ ಬರುವುದಿಲ್ಲ.

ಸಹಿ ಆಯಿತಾ? ಈಗ ಓದೋಣ. ನಮ್ಮ ಕಣ್ಣು ಸೀದಾ ಕಡಿಮೆ ಬಿದ್ದ ನಂಬರಿಗೇ ಹೋಗುತ್ತದೆ, ಅಲ್ವಾ? ನನ್ನ ಮಗಳ ಕಾರ್ಡು ಬಂದಾಗ ಮಾಸ್ತರನಾದ ನಾನೂ ಅದನ್ನೇ ಮಾಡಿದೆ. ಸ್ವಲ್ಪ ಕೆಳಗೆ ಹಾಜರಿಯ ಸಾಲು ಇರುತ್ತದೆ, ಅದನ್ನು ನೋಡಿ. ನಮ್ಮ ಕಡೆ ಆಗಸ್ಟ್ ಬಂತೆಂದರೆ ಹೆಸರುಕಾಳಿನ ರಾಶಿ. ದಸರಾ ಆದ ಮೇಲೆ ಹತ್ತಿ ಬಿಡಿಸುವುದು. ಡಿಸೆಂಬರ್, ಜನವರಿಗೆ ತೊಗರಿ. ಆ ಹುಡುಗನ ಹಾಜರಿ ತೆಗೆದು ನೋಡಿದರೆ 19 ದಿನ ಗೈರು. ಅಷ್ಟೂ ದಿನ ಹೆಸರು ಬಿಡಿಸಲು ಹೊಲಕ್ಕೆ ಹೋಗಿದ್ದ. ನಾನು ಅತ್ತ ಬೀಜಗಣಿತ ಮುಗಿಸಿಬಿಟ್ಟಿದ್ದೆ.

ಅಪ್ಪನನ್ನು ಕರೆಸಿ, ಬೆರಳಿಟ್ಟು ಆ ಸಾಲು ತೋರಿಸಿದೆ. ಸುಮ್ನೆ ಕೂತಿದ್ದರು. ಆಮೇಲೆ, "ಹಂಗಾದ್ರ ಆ 18ರಾಗ ನಂದೂ ಪಾಲ ಅದರಿ" ಅಂದರು. ನನ್ನ ಪಾಲೂ ಇತ್ತು. ಅಷ್ಟು ದಿನ ಹುಡುಗ ಬರಲಿಲ್ಲ, ನಾನು ಕೇಳಲೂ ಇಲ್ಲ.

ಬಾಜೂ ಮನೆ ಹುಡುಗನ ಕಾರ್ಡು ಬೇಡ. ವರ್ಷಕ್ಕೆ ನಾಲ್ಕು ಎಫ್‌ಎ, ಅಂದ್ರೆ ಸಣ್ಣ ಪರೀಕ್ಷೆ, ಎರಡು ಎಸ್‌ಎ, ಅಂದ್ರೆ ದೊಡ್ಡ ಪರೀಕ್ಷೆ ಇರುತ್ತವೆ. ನಿಮ್ಮ ಮಗುವಿನದೇ ಮೊದಲ ಎಫ್‌ಎ ಪಕ್ಕ ಎರಡನೆಯದನ್ನು ಇಟ್ಟು ನೋಡಿ. ಓದು ಬರದ ಅವ್ವಂದಿರು ಮಗುವಿನ ಕೈಯಲ್ಲೇ ಓದಿಸಿ ಕೇಳಿ.

ಇನ್ನು ಹತ್ತನೇ ಕ್ಲಾಸು. ಫಲಿತಾಂಶದ ಜಿಲ್ಲಾ ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ ಬಂದವು. ಟಿವಿ ಮುಂದೆ ಕೂತ ನಮಗೇ ಎಷ್ಟು ಕಸಿವಿಸಿ! ಪಟ್ಟಿಯ ಕೊನೆಯಲ್ಲಿ ನಿಂತ ಮಗುವಿನ ಹೊಟ್ಟೆಯೊಳಗಿನ ಸಂಕಟ ನಮ್ಮ ಜಿಲ್ಲೆಯವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಒಂದು ಪರೀಕ್ಷೆ ಕೈಕೊಟ್ಟರೆ ಅದೇ ವರ್ಷ ಮತ್ತೆ ಬರೆಯಬಹುದು. ಇದನ್ನು ಫಲಿತಾಂಶ ಬರುವ ಮೊದಲೇ ಮಗುವಿಗೆ ಹೇಳಿಡಿ. ಊಟ ಬಿಟ್ಟು, ಮಾತು ಬಿಟ್ಟು ಕೂತ ಮಗು ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಸಂಕಟ ಕೇಳುವ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೇ, ನೀವೂ ಮಾಡಬಹುದು.

ಆ ಹುಡುಗನನ್ನು ಸಂಜೆ ಹೊತ್ತು ಕೂರಿಸಿ ತಪ್ಪಿದ ಪಾಠ ಹೇಳಿಕೊಟ್ಟೆ. ಮುಂದಿನ ಕಾರ್ಡಿನಲ್ಲಿ ಗಣಿತಕ್ಕೆ 31. ಜಾಸ್ತಿಯೇನಲ್ಲ. ಸಹಿಯ ಜಾಗದಲ್ಲಿ ನೀಲಿ ಹೆಬ್ಬೆಟ್ಟು ಇತ್ತು, ಸ್ವಲ್ಪ ಹರಡಿತ್ತು.

ನಮಸ್ಕಾರ.