ಹಾಡಿನ ಪತ್ರಿಕೆಯಲ್ಲಿ ಚುನಾವಣೆ ಸುದ್ದಿ

ಕೇಳುಗರಿಗೆ ನಮಸ್ಕಾರ.

ಹಾಡು, ಸಿನಿಮಾ, ತಾರೆಯರ ಬಗ್ಗೆ ಬರೆಯೋ ಪತ್ರಿಕೆ ಇದ್ದಕ್ಕಿದ್ದಂತೆ ರಾಜಕೀಯ ಬರೆದರೆ ಜನ ಏನಂತಾರೆ? 'ನಿಮಗ್ಯಾಕ್ರೀ ಈ ಉಸಾಬರಿ' ಅಂತಾರೆ. ಆ ಉಸಾಬರಿಯನ್ನು ಬೇಕಂತಲೇ ಮೈಮೇಲೆ ಎಳೆದುಕೊಂಡ ಪತ್ರಿಕೆಯೊಂದರ ಕಥೆ ಇವತ್ತು ಹೇಳುತ್ತೇನೆ. ಅಮೆರಿಕದ 'ರೋಲಿಂಗ್ ಸ್ಟೋನ್'. ಹೆಚ್ಚುಕಡಿಮೆ ಇದೇ ಹೆಸರಿನ ಬ್ಯಾಂಡ್ ಬೇರೆ, ಇದು ಬೇರೆ. ಆದರೆ ಆ ಬ್ಯಾಂಡೂ ಕಥೆಯೊಳಗೆ ಬರುತ್ತದೆ, ಸ್ವಲ್ಪ ತಾಳಿ.

ವರ್ಷ 1967. ಊರು ಸ್ಯಾನ್ ಫ್ರಾನ್ಸಿಸ್ಕೋ. ಉದ್ದ ಕೂದಲಿನ ಹುಡುಗರು, ವಿಯೆಟ್ನಾಂ ಯುದ್ಧ ಬೇಡ ಅನ್ನೋ ಮೆರವಣಿಗೆ, ಎಲ್ಲಿ ನೋಡಿದರೂ ಗಿಟಾರ್. ದೊಡ್ಡ ಪತ್ರಿಕೆಗಳಿಗೆ ಈ ಹುಡುಗರು ಒಂದೋ ತಮಾಷೆ, ಇಲ್ಲವೇ ತಲೆನೋವು. ಆಗ ಯಾನ್ ವೆನ್ನರ್ ಎಂಬ 21ರ ಯುವಕ ಮನೆಯವರಿಂದ, ನೆಂಟರಿಂದ 7,500 ಡಾಲರ್ ಸಾಲ ಹೊಂದಿಸಿದರು. ಬರ್ಕ್‌ಲಿ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟವರು ಅವರು. ಜೊತೆಗೆ ನಿಂತವರು ರಾಲ್ಫ್ ಗ್ಲೀಸನ್, ಜಾಝ್ ಸಂಗೀತದ ಹೆಸರಾಂತ ವಿಮರ್ಶಕ. ಅವರಿಗೆ ಆಗಲೇ ಐವತ್ತು ವರ್ಷ! ಯುವಕರ ಪತ್ರಿಕೆಗೆ ಬುನಾದಿ ಹಾಕಿದ ಇಬ್ಬರಲ್ಲಿ ಒಬ್ಬರು ನಡುವಯಸ್ಸಿನವರು ಅನ್ನೋದು ನನಗೆ ಖುಷಿ ಕೊಡುವ ಸಂಗತಿ. ಪ್ರೆಸ್ಸಿನ ಮೇಲಿನ ಅಟ್ಟದಲ್ಲೇ ಆಫೀಸು. ನವೆಂಬರ್ 9ರ ತಾರೀಕು ಹೊತ್ತು ಮೊದಲ ಸಂಚಿಕೆ ಬಂತು. ಬೆಲೆ 25 ಸೆಂಟ್. ಮುಖಪುಟದಲ್ಲಿ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್, ಸಿನಿಮಾವೊಂದರ ಸೈನಿಕನ ವೇಷದಲ್ಲಿ.

ಮುಖಪುಟ ಬಿಡಿ, ಆ ಸಂಚಿಕೆಯಲ್ಲಿದ್ದ ಒಂದು ಬರಹ ನೋಡಬೇಕು. ಅದೇ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬಲ್ಲಿ ದೊಡ್ಡ ಸಂಗೀತೋತ್ಸವ ನಡೆದಿತ್ತು. ಲಾಭಕ್ಕಲ್ಲ, ಪ್ರೀತಿಗಾಗಿ ಅಂತ ಹೇಳಿಕೊಂಡಿದ್ದರು. ಹೆಚ್ಚಿನ ಕಲಾವಿದರು ಸಂಭಾವನೆ ಇಲ್ಲದೆ ಹಾಡಿದ್ದರು. ಹಾಗಾದರೆ ಬಂದ ದುಡ್ಡು ಎಲ್ಲಿ ಹೋಯಿತು? ಇದನ್ನೇ ಕೇಳಿದರು ವರದಿಗಾರ ಮೈಕಲ್ ಲಿಡನ್. ಹುಟ್ಟಿದ ದಿನವೇ ತಮ್ಮ ಓದುಗರ ಆರಾಧ್ಯದೈವಗಳ ಲೆಕ್ಕಪತ್ರ ಕೇಳೋದು ಅಂದರೆ ಸುಮ್ನೆ ಮಾತಲ್ಲ. ಮುಂದೆ ಇದೇ ಪತ್ರಿಕೆ ಅಧ್ಯಕ್ಷರ ಬಗ್ಗೆ, ಸೇನೆಯ ಬಗ್ಗೆ ಬರೆದಾಗ ಹುಡುಗರು ನಂಬಿದರು. ಯಾಕೆ ಅಂದರೆ, ಹಾಡುಗಾರರ ವಿಷಯದಲ್ಲೂ ಇದು ಮುಲಾಜು ನೋಡಿರಲಿಲ್ಲ. ನನ್ನ ಮಟ್ಟಿಗೆ ಗುಟ್ಟು ಇರೋದು ಇಲ್ಲೇ.

ಆ ಮಾತಿಗೆ ದೊಡ್ಡ ಪರೀಕ್ಷೆ ಎರಡೇ ವರ್ಷದಲ್ಲಿ ಬಂತು. 1969ರಲ್ಲಿ ವೆನ್ನರ್ ಲಂಡನ್ನಿನಲ್ಲಿ ಬ್ರಿಟಿಷ್ ಆವೃತ್ತಿ ಶುರು ಮಾಡಿದರು. ಪಾಲುದಾರ ಯಾರು ಗೊತ್ತಾ? ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಮಿಕ್ ಜಾಗರ್. ಆ ವ್ಯಾಪಾರ ಜಾಸ್ತಿ ದಿನ ನಡೆಯಲಿಲ್ಲ. ಅದೇ ಡಿಸೆಂಬರ್ 6ರಂದು ಜಾಗರ್ ಬ್ಯಾಂಡು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಎಂಬ ಕಾರ್ ರೇಸ್ ಮೈದಾನದಲ್ಲಿ ಉಚಿತ ಕಾರ್ಯಕ್ರಮ ಕೊಟ್ಟಿತು. ಸುಮಾರು ಮೂರು ಲಕ್ಷ ಜನ. ಜಾಗ ಕೊನೇ ಗಳಿಗೆಯಲ್ಲಿ ಗೊತ್ತಾಗಿದ್ದು, ಹಾಗಾಗಿ ಯಾವ ತಯಾರಿಯೂ ಇಲ್ಲ. ವೇದಿಕೆ ಕಾಯಲು ನಿಂತವರು ಹೆಲ್ಸ್ ಏಂಜಲ್ಸ್ ಎಂಬ ಬೈಕ್ ಸವಾರರ ಗ್ಯಾಂಗು. ಗಲಾಟೆ ಏರುತ್ತಾ ಹೋಯಿತು. ಹಾಡು ನಡೆಯುತ್ತಿದ್ದಾಗಲೇ, ವೇದಿಕೆಯ ಹತ್ತಿರವೇ, ಮೆರೆಡಿತ್ ಹಂಟರ್ ಎಂಬ ಹದಿನೆಂಟರ ಕಪ್ಪು ಹುಡುಗನನ್ನು ಇರಿದು ಕೊಂದರು. ಅಂದು ಸತ್ತವರು ಒಟ್ಟು ನಾಲ್ವರು.

ಏನು ಮಾಡಬೇಕು ಈಗ? ನಿನ್ನೆಯ ಪಾಲುದಾರ, ಪತ್ರಿಕೆ ಹೊತ್ತು ಮೆರೆಸಿದ ಬ್ಯಾಂಡು. ಎರಡು ಸಾಲು ವಿಷಾದ ಬರೆದು ಕೈತೊಳೆದುಕೊಳ್ಳಬಹುದಿತ್ತು. ಗ್ಲೀಸನ್ ಬಿಡಲಿಲ್ಲ. ಪೂರ್ತಿ ಬರೆಯಲೇಬೇಕು ಅಂತ ಹಟ ಹಿಡಿದರು. ನೋಡಿ, ಐವತ್ತು ದಾಟಿದವರು ಉಪಯೋಗಕ್ಕೆ ಬಂದಿದ್ದು ಹೀಗೆ! ಜನವರಿ 1970ರ ಸಂಚಿಕೆಯಲ್ಲಿ ಹಲವು ವರದಿಗಾರರು ಸೇರಿ ಪುಟಗಟ್ಟಲೆ ಬರೆದರು. ಬ್ಯಾಂಡಿನ ಹೊಣೆ ಎಷ್ಟು ಅನ್ನೋದನ್ನು ಮುಚ್ಚಿಡಲಿಲ್ಲ. ಮರುವರ್ಷ ಈ ವರದಿಗೂ ಸೇರಿಸಿ ರಾಷ್ಟ್ರೀಯ ಪತ್ರಿಕಾ ಪ್ರಶಸ್ತಿ ಬಂತು.

ಆಫೀಸಿನೊಳಗೆ ಎಲ್ಲರದೂ ಒಂದೇ ದಾರಿ ಅಂದುಕೊಳ್ಳಬೇಡಿ. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆ ವೇಳೆ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಇನ್ನು ಹಾಡು ಸಾಕು, ರಾಜಕೀಯವೇ ಇರಲಿ ಅಂದರು ಕೆಲವರು. ಸಂಗೀತವೇ ನಮ್ಮ ಕಸುಬು ಅಂದರು ವೆನ್ನರ್. ಹಲವರು ಕೆಲಸ ಬಿಟ್ಟರು. ಜಾಹೀರಾತು ಕೊಡುತ್ತಿದ್ದವರು ರೆಕಾರ್ಡ್ ಕಂಪನಿಗಳು ಅನ್ನೋದನ್ನೂ ಮರೆಯಬಾರದು. ಸ್ವತಂತ್ರ ಪತ್ರಿಕೆಗೂ ಕಾಗದದ ಬಿಲ್ಲು ಬರುತ್ತದಲ್ವಾ?

ಆದರೂ ರಾಜಕೀಯ ತಾನಾಗಿಯೇ ಬಾಗಿಲಿಗೆ ಬಂತು. 1971ರಲ್ಲಿ ಅಮೆರಿಕ ಸಂವಿಧಾನಕ್ಕೆ 26ನೇ ತಿದ್ದುಪಡಿ ಆಯಿತು, ಮತದಾನದ ವಯಸ್ಸು 18ಕ್ಕೆ ಇಳಿಯಿತು. ಪತ್ರಿಕೆಯ ಓದುಗರು ರಾತ್ರೋರಾತ್ರಿ ಮತದಾರರು! 1972ರ ಅಧ್ಯಕ್ಷೀಯ ಚುನಾವಣೆ ಬರೆಯಲು ಹಂಟರ್ ಥಾಂಪ್ಸನ್ ಅವರನ್ನು ಕಳಿಸಿದರು. ಟೈ ಕಟ್ಟಿದ ವರದಿಗಾರರ ಹಿಂಡಿನಲ್ಲಿ ಇವರೊಬ್ಬರು ಬೇರೆಯೇ ಪ್ರಾಣಿ. ಕೊನೇ ಗಳಿಗೆಯವರೆಗೂ ಬರೆಯುತ್ತಿರಲಿಲ್ಲ. ಆಮೇಲೆ ಆ ಕಾಲದ ಹೊಸ ಫ್ಯಾಕ್ಸ್ ಯಂತ್ರದಲ್ಲಿ ಒಂದೊಂದೇ ಹಾಳೆ ಕಳಿಸೋರು. ಅವರು ಮೆಚ್ಚಿದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಮೆಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರು, ಆಗಿನ ಅಧ್ಯಕ್ಷ ನಿಕ್ಸನ್ ಮತ್ತೆ ಗೆದ್ದರು. ಬರಹ ಮಾತ್ರ ಉಳಿಯಿತು.

ಒಂದು ವಿಷಯದಲ್ಲಿ ಮಾತ್ರ ಥಾಂಪ್ಸನ್ ಜೊತೆ ನನಗೆ ತಕರಾರಿದೆ. ಮೆಕ್‌ಗವರ್ನ್ ಪಕ್ಷದಲ್ಲೇ ಟಿಕೆಟ್ಟಿಗೆ ಪೈಪೋಟಿ ಕೊಡುತ್ತಿದ್ದ ಸೆನೆಟರ್ ಮಸ್ಕಿ ಯಾವುದೋ ವಿಚಿತ್ರ ಔಷಧಿ ತಿನ್ನುತ್ತಾರಂತೆ, ಹಾಗೊಂದು ಗುಸುಗುಸು ಇದೆ ಅಂತ ಬರೆದರು. ಆಮೇಲೆ, ಗುಸುಗುಸು ಇದ್ದಿದ್ದು ನಿಜ, ಎಬ್ಬಿಸಿದವನು ನಾನೇ ಅಂದರು. ನಗು ಬರುತ್ತದೆ. ಆದರೆ ಮೊದಲ ಸಲ ಮತ ಹಾಕುವ ಹುಡುಗನಿಗೆ ಯಾವುದು ತಮಾಷೆ, ಯಾವುದು ಸುದ್ದಿ ಅಂತ ಹೇಗೆ ಗೊತ್ತಾಗಬೇಕು? ಮನರಂಜನೆ ಮತ್ತು ರಾಜಕೀಯ ಒಂದೇ ಪುಟದಲ್ಲಿದ್ದರೆ ಅಡ್ಡಿಯಿಲ್ಲ. ಒಂದೇ ವಾಕ್ಯದಲ್ಲಿ ಕಲಸಿಹೋದರೆ ತೊಂದರೆ. ಬಹಳ ವರ್ಷಗಳ ನಂತರ, 2014ರಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದ ಅತ್ಯಾಚಾರ ಪ್ರಕರಣ ಅಂತ ಬರೆದ ದೊಡ್ಡ ವರದಿಯನ್ನು ಪತ್ರಿಕೆ ಮರುವರ್ಷ ಪೂರ್ತಿ ಹಿಂಪಡೆಯಬೇಕಾಯಿತು. ಅಲ್ಲಿ ತಮಾಷೆ ಏನೂ ಇರಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ವಿಚಾರಿಸುವ ಮಾಮೂಲಿ ಕೆಲಸವೇ ತಪ್ಪಿಹೋಗಿತ್ತು. 2017ರ ಕೊನೆಯಲ್ಲಿ ಪತ್ರಿಕೆಯ ಹೆಚ್ಚಿನ ಪಾಲು ಪೆನ್ಸ್ಕಿ ಎಂಬ ದೊಡ್ಡ ಮಾಧ್ಯಮ ಕಂಪನಿಯ ಕೈಗೆ ಹೋಯಿತು.

ಅದಕ್ಕೂ ಮುಂಚಿನ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ. 2010ರ ಜುಲೈ ಸಂಚಿಕೆ. ಮುಖಪುಟದ ತುಂಬ ಗಾಯಕಿ ಲೇಡಿ ಗಾಗಾ. ಒಳಗೆ ಮೈಕಲ್ ಹೇಸ್ಟಿಂಗ್ಸ್ ಬರೆದ ಲೇಖನ, ಅಫ್ಘಾನಿಸ್ತಾನದಲ್ಲಿ ಅಮೆರಿಕ ಸೇನೆ ನಡೆಸುತ್ತಿದ್ದ ಜನರಲ್ ಮೆಕ್‌ಕ್ರಿಸ್ಟಲ್ ಕುರಿತು. ಜನರಲ್ ಮತ್ತು ಅವರ ಸಹಾಯಕರು ಒಬಾಮಾ ಸರ್ಕಾರದ ದೊಡ್ಡವರನ್ನು ಹೇಗೆ ಗೇಲಿ ಮಾಡುತ್ತಿದ್ದರು ಅನ್ನೋದೆಲ್ಲ ಅದರಲ್ಲಿತ್ತು. ಲೇಖನದ ಸುದ್ದಿ ಮೊದಲೇ ಹಬ್ಬಿತು. ವಾಷಿಂಗ್ಟನ್ನಿಂದ ಕರೆ ಬಂತು. ಜೂನ್ 23ರಂದು ಒಬಾಮಾ ಜನರಲ್ ರಾಜೀನಾಮೆ ಪಡೆದರು. ಗಾಗಾ ಫೋಟೋಗಾಗಿ ಅಂಗಡಿ ಮುಂದೆ ಕಾದಿದ್ದವರ ಕೈಗೆ ಸಂಚಿಕೆ ಇನ್ನೂ ಬಂದೇ ಇರಲಿಲ್ಲ.

ನಮಸ್ಕಾರ.